ಒಂದು ಬೆರಳು ಕಡಿಮೆ

ಆ ಬೀದಿಯಲ್ಲಿ ದರ್ಜಿಗಳು ಮೂವರಿದ್ದರು, ಆದರೆ ಗೇಣು ಮಾಸ್ಟರ್ ಒಬ್ಬರೇ. ಅವರಿಗೆ ಟೇಪು ಕಂಡರಾಗದು. ಬಲಗೈ ಅಗಲಿಸಿ ಮೈಮೇಲೆ ಒಮ್ಮೆ ಗೇಣು ಹಾಕಿದರೆ ಮುಗಿಯಿತು, ಆ ಅಳತೆ ತಲೆಯಲ್ಲಿ ಕಾಯಂ. ಮತ್ತೆ ಬಟ್ಟೆ ತಂದರೆ ಗಿರಾಕಿಯನ್ನು ತಿರುಗಿಯೂ ನೋಡದೆ ಅದೇ ಕೈಯಿಂದ ಗೇಣು ಹಾಕಿ ಕತ್ತರಿಸಿಬಿಡುವರು. ಕಾಜಾ, ಗುಂಡಿ, ಅಂಚು ಹೆಂಡತಿಯ ಪಾಲು. ಕತ್ತರಿಯನ್ನು ಮಾತ್ರ ಅವಳ ಕೈಗೆ ಕೊಟ್ಟವರಲ್ಲ ಮಹಾರಾಯರು.

ಕಳೆದ ತಿಂಗಳು ಇಡೀ ಬೀದಿಗೆ ಚಿಕೂನ್‌ಗುನ್ಯಾ ಬಡಿಯಿತು. ಹಗಲು ಹೊತ್ತೇ ಕಚ್ಚುವ ಸೊಳ್ಳೆ, ಮೈ ಸುಡುವ ಜ್ವರ; ಜ್ವರ ಬಿಟ್ಟ ಮೇಲೆ ನೋಡಬೇಕು ಗಮ್ಮತ್ತು, ಇಪ್ಪತ್ತರ ಹುಡುಗರೂ ಗೋಡೆ ಹಿಡಿದೇ ನಡೆಯುವವರು! ಕೀಲುನೋವು ತಿಂಗಳುಗಟ್ಟಲೆ ಇರಬಹುದು, ಕೈಗೆ ವಿಶ್ರಾಂತಿ ಕೊಡಿ ಎಂದ ಡಾಕ್ಟರಮ್ಮನಿಗೆ ಮಾಸ್ಟರ್, "ಕೈಗೆ ರಜೆ ಕೊಟ್ರೆ ಹೊಟ್ಟೆ ಸುಮ್ನಿರುತ್ತಾ ತಾಯಿ?" ಎಂದು ಎದ್ದು ಬಂದಿದ್ದರು.

ಜ್ವರದಿಂದೆದ್ದು ಮಾಸ್ಟರ್ ಮತ್ತೆ ಅಂಗಡಿ ತೆರೆದ ಎರಡು ವಾರಕ್ಕೆ ಮೂರು ಅಂಗಿ ವಾಪಸಾದವು. ಮೂರೂ ಬಿಗಿ.

"ಮೇಷ್ಟ್ರೇ, ಹೊಟ್ಟೆ ಸ್ವಲ್ಪ ನೋಡ್ಕೊಳಿ," ಎಂದರು ಮಾಸ್ಟರ್, ಮೂರನೆಯ ಅಂಗಿ ತಂದ ಶಾಲೆಯ ಮೇಷ್ಟ್ರಿಗೆ.

"ನಾನೂ ಜ್ವರದಲ್ಲಿ ಮಲಗಿದ್ದೆ ಮಾರಾಯ್ರೇ, ಆರು ಕೇಜಿ ಇಳಿದಿದ್ದೀನಿ!"

ಮಾಸ್ಟರ್ ಮುಖ ಸಿಂಡರಿಸಿಕೊಂಡರು. ಹೆಂಡತಿ ಅಂಗಿಯ ಹೊಲಿಗೆ ಬಿಚ್ಚತೊಡಗಿದಳು.

ಶನಿವಾರ ಮಧ್ಯಾಹ್ನ ಮಾಸ್ಟರ್ ಮೇಜಿನ ಮೇಲೆ ಕರಿ ಬಟ್ಟೆ ಹಾಸಿದರು. ಮಗಳು ವಕೀಲೆಯಾಗಿ ಸೋಮವಾರ ಮೊದಲ ಸಲ ಕೋರ್ಟಿನಲ್ಲಿ ನಿಲ್ಲುವವಳು. ಕೋಟು ಅಪ್ಪ ಹೊಲಿದದ್ದೇ ಆಗಬೇಕೆಂದು ಹಟ ಹಿಡಿದು, ಪರವೂರಿನಿಂದ ಬಟ್ಟೆ ತಂದುಕೊಟ್ಟಿದ್ದಳು. ಕೆಟ್ಟರೆ ಬೇರೆ ತುಂಡಿಲ್ಲ. ಅವಳ ಅಳತೆ ಕೇಳಬೇಕೇ? ಹೋದ ವರ್ಷದ್ದೇ ಬಾಯಿಪಾಠವಾಗಿತ್ತು. ಗೇಣು ಹಾಕಿ ಸೀಮೆಸುಣ್ಣದ ಗೆರೆ ಎಳೆದರು, ಕತ್ತರಿ ಎತ್ತಿದರು.

"ರೀ, ನಿಲ್ಲಿ," ಎಂದಳು ಹೆಂಡತಿ. "ಕೈ ಅಗಲ್ಸಿ ನೋಡೋಣ."

"ಏನೇ ಇದು, ಈ ಹೊತ್ತಲ್ಲಿ ಭವಿಷ್ಯ ಹೇಳ್ತೀಯಾ?"

ಅವಳು ನಗಲಿಲ್ಲ. ತನ್ನ ಕೈಯನ್ನು ಅವರ ಕೈಯ ಪಕ್ಕ ಮೇಜಿಗೆ ಒತ್ತಿ ಅಗಲಿಸಿದಳು. ಹೆಬ್ಬೆರಳಿನಿಂದ ಕಿರುಬೆರಳಿಗೆ ಎರಡೂ ಸರಿಸಮ.

"ನನ್ನ ಗೇಣು ಯಾವತ್ತೂ ನಿಮ್ಮದಕ್ಕಿಂತ ಒಂದು ಬೆರಳು ಕಮ್ಮಿ. ಈಗ ನೋಡಿ. ಗಿರಾಕಿಗಳು ದಪ್ಪಗಾಗಿಲ್ಲ ರೀ. ನಿಮ್ಮ ಬೆರಳು ಬಿಚ್ತಾ ಇಲ್ಲ."

ಮಾಸ್ಟರ್ ಬಲವಂತವಾಗಿ ಬೆರಳು ಚಾಚಿದರು. ಊದಿದ ಗೆಣ್ಣುಗಳಲ್ಲಿ ಜೀವ ಹೋದಷ್ಟು ನೋವಾಯಿತು, ಕೈ ಒಂದು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ. ತಲೆಯಲ್ಲಿದ್ದದ್ದು ಹಳೇ ಗೇಣಿನ ಅಳತೆ, ಬಟ್ಟೆಯ ಮೇಲೆ ಬಿದ್ದದ್ದು ಜ್ವರ ಬಿಟ್ಟುಹೋದ ಗೇಣು. ಇನ್ನೊಂದು ಕ್ಷಣವಾಗಿದ್ದರೆ ಮಗಳ ಕೋಟು ಮಣ್ಣುಪಾಲು. ಅವರಿಗೆ ಅಳು ಬಂತು, ತಡೆಯಲೂ ಇಲ್ಲ.

"ಇನ್ನೇನು ಉಳೀತು ನನ್ನ ಹತ್ರ? ಬೇರೆಯವರ ಹತ್ರ ಹೊಲ್ಸು ಅಂತ ಫೋನ್ ಮಾಡಿಬಿಡು ಅವಳಿಗೆ."

ಹೆಂಡತಿ ಫೋನು ಮುಟ್ಟಲಿಲ್ಲ. ಗೆರೆಗಳನ್ನು ಕೊಡವಿ ಅಳಿಸಿದಳು. ಅವರು ತಲೆಯಲ್ಲಿದ್ದ ಅಳತೆ ಹೇಳುತ್ತ ಹೋದಂತೆ ತನ್ನ ಗೇಣು ಹಾಕಿ, ಗೇಣಿಗೊಂದು ಬೆರಳು ಸೇರಿಸಿ ಹೊಸ ಗೆರೆ ಎಳೆದಳು. ಕತ್ತರಿ ತೆಗೆದುಕೊಂಡಳು. ಕಂಕುಳಿನ ತಿರುವಿನಲ್ಲಿ ಕೂಡ ಎಲ್ಲೂ ತಡವರಿಸದೆ ಸರ್ರನೆ ಕತ್ತರಿಸಿದಳು.

ಮಾಸ್ಟರ್ ಬಾಯಿ ಬಿಟ್ಟುಕೊಂಡು ನೋಡಿದರು. ಇದು ಇವತ್ತು ಕಲಿತ ಕೈಯಲ್ಲ.

"ಯಾವಾಗ ಕಲಿತೆ ನೀನು?"

"ಇಪ್ಪತ್ತು ವರ್ಷ ಆಯ್ತು. ನೀವು ಊಟಕ್ಕೆ ಹೋದಾಗ, ಚೂರು ಬಟ್ಟೆಯಲ್ಲಿ."

"ಒಂದು ಮಾತು ಕೇಳಬಾರದಿತ್ತಾ ನನ್ನ?"

"ಕೇಳಿದ್ರೆ ಕತ್ತರಿ ಕೊಡ್ತಿದ್ರಾ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಮಾಸ್ಟರ್ ಅದನ್ನು ನುಂಗಿಕೊಂಡರು.

"ಇಲ್ಲ ಕಣೇ," ಎಂದರು. "ಕೊಡ್ತಿರಲಿಲ್ಲ."

ಅವಳು ತಲೆಯಾಡಿಸಿ, "ಸರಿ, ತೋಳು ಎಷ್ಟು ಹೇಳಿ," ಎಂದಳು.