ಗೆರೆ ದಾಟಿದ ಚೆಂಡು

ಮಾಯಸಂದ್ರದಲ್ಲಿ ಫುಟ್‌ಬಾಲ್ ತಂಡವೊಂದಿದೆ ಎಂದರೆ ತುರುವೇಕೆರೆಯವರೇ ನಂಬುವುದಿಲ್ಲ. ಈ ಸೀಮೆಯಲ್ಲಿ ಆಟವೆಂದರೆ ಕ್ರಿಕೆಟ್ಟು, ಕಬಡ್ಡಿ, ಹೆಚ್ಚೆಂದರೆ ವಾಲಿಬಾಲ್. ಕೆಜಿಎಫ್ ಕಡೆಯಿಂದ ವರ್ಗವಾಗಿ ಬಂದಿದ್ದ ಪಿ.ಟಿ. ಮೇಷ್ಟ್ರೊಬ್ಬರು ಹೈಸ್ಕೂಲಿನ ಹುಡುಗರಿಗೆ ಚೆಂಡು ಒದೆಯುವುದನ್ನು ಕಲಿಸಿ, ಮತ್ತೆಲ್ಲಿಗೋ ವರ್ಗವಾಗಿ ಹೋದರು. ಹುಡುಗರು ಬೆಳೆದು ಕೆಲಸ ಹಿಡಿದರು, ಕೆಲವರು ಮದುವೆಯಾದರು, ಆಟ ಮಾತ್ರ ಬಿಡಲಿಲ್ಲ. ಭಾನುವಾರ ಬಂತೆಂದರೆ ಸಂತೆ ಮೈದಾನದಲ್ಲಿ ಸೇರುತ್ತಿದ್ದರು. ಗೋಲಿಗೆ ಎರಡು ಸರ್ವೆ ಕಂಬ, ಅವುಗಳ ಮೇಲೆ ಅಡ್ಡಕ್ಕೆ ಒಂದು ನಾರಿನ ಹಗ್ಗ.

ಗೋಲ್‌ಕೀಪರ್ ವಸಂತ. ಗೂಡ್ಸ್ ಆಟೊ ಇಟ್ಟುಕೊಂಡು ತೋಟಗಳಿಂದ ಕಾಯಿ ಸಾಗಿಸುವುದು, ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಮುಟ್ಟಿಸುವುದು ಅವನ ಕೆಲಸ. ಮಾತು ಕಡಿಮೆ. ತಂಡದಲ್ಲಿ ಅತಿ ಚುರುಕಾದವನು ಸುದೀಪ, ವಸಂತನ ಹೆಂಡತಿ ಪದ್ಮಶ್ರೀಯ ತಮ್ಮ. ತುರುವೇಕೆರೆಯ ಬೈಕ್ ಶೋರೂಮಿನಲ್ಲಿ ಮೆಕ್ಯಾನಿಕ್. ಇವನನ್ನು ಮೈದಾನಕ್ಕೆ ಮೊದಲು ಕರೆತಂದವನೇ ವಸಂತ. ಆಗಿನ್ನೂ ಪದ್ಮಶ್ರೀಯನ್ನು ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಮಾವ ಇಲ್ಲದ ಮನೆಯಲ್ಲಿ ಸುಮ್ಮನೆ ಮೂಲೆ ಹಿಡಿದು ಕೂತಿರುತ್ತಿದ್ದ ಹುಡುಗನನ್ನು ಎಲ್ಲಿಗಾದರೂ ಕರೆದೊಯ್ಯಬೇಕು ಅನ್ನಿಸಿತ್ತು ಅವನಿಗೆ.

ಜನವರಿಯಲ್ಲಿ ತಿಪಟೂರಿನಲ್ಲಿ ಎರಡು ದಿನದ ಟೂರ್ನಿ ಇಟ್ಟರು. ಆರು ತಂಡ, ಎರಡು ಗುಂಪು. ಮಾಯಸಂದ್ರದವರು ಊರು ಬಿಟ್ಟು ಹೊರಗೆ ಆಡಿದ್ದು ಅದೇ ಮೊದಲು. ಶನಿವಾರ ಬೆಳಗ್ಗೆ ಕೆಲವರು ಬೈಕಿನಲ್ಲಿ, ಉಳಿದವರು ವಸಂತನ ಗೂಡ್ಸ್ ಆಟೊದಲ್ಲಿ ಹೊರಟರು. ಹಿಂದೆ ಕೂತವರ ನೀಲಿ ಜೆರ್ಸಿಗೆಲ್ಲ ಕಾಯಿಯ ನಾರು ಅಂಟಿಕೊಂಡಿತು.

ಮೊದಲ ಪಂದ್ಯ ತಿಪಟೂರಿನವರ ಮೇಲೆಯೇ. ಅದನ್ನು ಮೂರು ಗೋಲಿನಿಂದ ಸೋತರು. ಅದರಲ್ಲಿ ಎರಡು ವಸಂತನ ತಪ್ಪು. ಮೇಲಿನಿಂದ ಹೋಗುತ್ತದೆಂದು ಅವನು ಬಿಟ್ಟ ಚೆಂಡುಗಳೇ ಒಳಗೆ ಬಿದ್ದವು. ಊರಿನ ಹಗ್ಗ ನಡುವೆ ಜೋತು ಬೀಳುತ್ತಿತ್ತು, ಇಲ್ಲಿನ ಕಬ್ಬಿಣದ ಅಡ್ಡಪಟ್ಟಿ ಇನ್ನೂ ಒಂದು ಗೇಣು ಮೇಲಿತ್ತು. ಪಂದ್ಯ ಮುಗಿದು ತಲೆ ತಗ್ಗಿಸಿ ಬಂದ ಭಾವನ ಹೆಗಲಿಗೆ ಸುದೀಪ ಕೈ ಹಾಕಿದ.

"ಭಾವ, ಅದು ಹಗ್ಗ ಅಲ್ಲ ಕಣಪ್ಪ, ಕಬ್ಬಿಣ. ಗಾಳಿ ಬೀಸಿದ್ರೆ ಕೆಳಗೆ ಬರಲ್ಲ."

ಎಲ್ಲರೂ ನಕ್ಕರು. ವಸಂತನೂ ನಕ್ಕ.

ಸಂಜೆಯ ಪಂದ್ಯ ಚಿಕ್ಕನಾಯಕನಹಳ್ಳಿಯವರ ಮೇಲೆ. ಅದರಲ್ಲಿ ಮಾಯಸಂದ್ರ ಎರಡು-ಒಂದರಿಂದ ಗೆದ್ದಿತು. ಎರಡೂ ಗೋಲು ಸುದೀಪನವೇ. ಎರಡನೆಯದನ್ನಂತೂ ಮೂವರನ್ನು ದಾಟಿಸಿಕೊಂಡು ಹೋಗಿ ಎಡಗಾಲಿನಲ್ಲಿ ಹೊಡೆದಿದ್ದ. ನೋಡುತ್ತ ನಿಂತಿದ್ದ ತಿಪಟೂರಿನ ಜನ ಕೂಡ ಶಿಳ್ಳೆ ಹಾಕಿದರು. ಗುಂಪಿನಲ್ಲಿ ಎರಡನೆಯವರಾಗಿ ಮಾಯಸಂದ್ರದವರು ಸೆಮಿಫೈನಲ್ಲಿಗೆ ಬಂದರು. ಊರಿಗೆ ಮರಳುವಾಗ ಆಟೊದ ಹಿಂದಿನಿಂದ ಒಂದೇ ಸಮ ಕೂಗು, ಹಾಡು. ನಾಯಕ ಮಹಾಂತೇಶ್ ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರ್, ಸ್ವಲ್ಪ ಗಂಭೀರ ಸ್ವಭಾವದ ಮನುಷ್ಯ. ಅವನೂ ದಾರಿಯುದ್ದಕ್ಕೂ ತಮಟೆ ಬಾರಿಸಿದಂತೆ ಆಟೊದ ತಗಡು ಬಡಿಯುತ್ತ ಬಂದ.

ಭಾನುವಾರ ಬೆಳಗಿನ ಸೆಮಿಫೈನಲ್ ಹುಳಿಯಾರಿನ ತಂಡದ ಮೇಲೆ. ಅರ್ಧ ಆಟಕ್ಕೆ ಮುಂಚೆಯೇ ಸುದೀಪ ಒಂದು ಗೋಲು ಹೊಡೆದ. ಆಮೇಲೆ ಹುಳಿಯಾರಿನವರು ಬಿಡದೆ ಮೇಲೆ ಬಿದ್ದರು. ಕಾಯಿ ಸುಲಿಯುವ ಕೆಲಸ ಮಾಡುತ್ತಿದ್ದ ಬೆಟ್ಟಸ್ವಾಮಿ ಹಿಂದೆ ನಿಂತು ಬಂದದ್ದನ್ನೆಲ್ಲ ಒದ್ದು ಒದ್ದು ದೂರ ಹಾಕಿದ. ವಸಂತನಿಗೆ ಈಗ ಅಡ್ಡಪಟ್ಟಿಯ ಎತ್ತರ ಕೈಗೆ ಸಿಕ್ಕಿತ್ತು, ನಾಲ್ಕೈದು ಒಳ್ಳೆಯ ಹೊಡೆತ ತಡೆದ.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತಿತ್ತು. ಕೆಂಕೆರೆಯ ಶ್ರೀನಿವಾಸ್ ಎಂಬುವನು, ಹುಳಿಯಾರಿನ ತಂಡದ ಮುಂದಾಳು, ದೂರದಿಂದ ಜೋರಾಗಿ ಹೊಡೆದ. ಚೆಂಡು ಅಡ್ಡಪಟ್ಟಿಯ ಒಳಭಾಗಕ್ಕೆ ಬಡಿದು ನೇರ ಕೆಳಗೆ ಬಿತ್ತು. ಬಿದ್ದಲ್ಲಿ ದೂಳೆದ್ದಿತು. ವಸಂತ ಹಿಂದಕ್ಕೆ ಹಾರಿ ಅದನ್ನು ಎರಡೂ ಕೈಯಿಂದ ಎಳೆದು ಎದೆಗೆ ಅವುಚಿಕೊಂಡು ಮಲಗಿದ. ಹುಳಿಯಾರಿನವರು "ಗೋಲ್" ಎಂದು ಕೂಗಿದರು. ತುಮಕೂರಿನಿಂದ ಬಂದಿದ್ದ ರೆಫ್ರಿ ಮೈದಾನದ ನಡುವಿನಿಂದ ಓಡಿ ಬರುತ್ತಿದ್ದ, ಲೈನ್ಸ್‌ಮನ್ ಇನ್ನೂ ದೂರವಿದ್ದ. ರೆಫ್ರಿ ಗೋಲಲ್ಲ, ಆಡಿ ಎಂದು ಕೈ ಬೀಸಿದ.

ಶ್ರೀನಿವಾಸ್ ಜಗಳಕ್ಕೆ ಹೋಗಲಿಲ್ಲ. ಓಡಿ ಬಂದ ರಭಸಕ್ಕೆ ಗೋಲಿನ ಮುಂದೆ ಮಂಡಿಯೂರಿದ್ದವನು ಅಲ್ಲಿಂದಲೇ ಕೇಳಿದ.

"ಅಣ್ಣ, ನೀನೇ ಹೇಳಣ್ಣ. ಗೆರೆ ದಾಟ್ತು ತಾನೆ?"

"ಹೂಂ, ದಾಟ್ತು," ಅಂದ ವಸಂತ.

ಅಷ್ಟರಲ್ಲಿ ಹತ್ತಿರ ಬಂದಿದ್ದ ರೆಫ್ರಿಗೆ ಅದು ಕೇಳಿಸಿತು. "ಏನಂದ್ರಿ?" ಎಂದ. ವಸಂತ ಎದ್ದು ನಿಂತು ಚೆಂಡನ್ನು ಅವನ ಕೈಗೆ ಕೊಟ್ಟು, "ಒಳಗೆ ಬಿದ್ದಿತ್ತು ಸಾರ್," ಎಂದ. ರೆಫ್ರಿ ಲೈನ್ಸ್‌ಮನ್ ಹತ್ತಿರ ಹೋಗಿ ಏನೋ ಮಾತಾಡಿ ಬಂದು ಗೋಲು ಎಂದು ಸೀಟಿ ಊದಿದ.

ಮೈದಾನದ ಆ ತುದಿಯಲ್ಲಿದ್ದ ಸುದೀಪನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಬೆಟ್ಟಸ್ವಾಮಿ ಹೇಳಿದ ಮೇಲೆ, "ಏನು? ಭಾವನೇ ಹೇಳಿದ್ನಾ?" ಎಂದು ಎರಡು ಸಲ ಕೇಳಿದ.

ಒಂದು-ಒಂದರಲ್ಲಿ ಆಟ ನಿಂತು, ಪೆನಾಲ್ಟಿ ಕಿಕ್‌ಗಳಿಗೆ ಹೋಯಿತು. ವಸಂತ ಒಂದನ್ನು ತಡೆದ. ಮಾಯಸಂದ್ರದ ಒಬ್ಬ ಹೊರಗೆ ಹೊಡೆದ. ಕೊನೆಯದು ಸುದೀಪನದು. ಅವನು ಹಾಕಿದ್ದರೆ ಸಮವಾಗಿ, ಆಟ ಇನ್ನೂ ಮುಂದುವರಿಯುತ್ತಿತ್ತು. ಚೆಂಡನ್ನು ಇಟ್ಟು, ಹಿಂದೆ ಹೋಗಿ, ಬಂದು ಹೊಡೆದ. ಅದು ಕೀಪರನ ಕೈಗೇ ಹೋಗಿ ಕೂತಿತು. ಹುಳಿಯಾರಿನವರು ಫೈನಲ್ಲಿಗೆ ಹೋದರು. ಶ್ರೀನಿವಾಸ್ ಬಂದು ವಸಂತನ ಕೈ ಕುಲುಕಿದ. ತಂಡದವರು ಅದನ್ನು ನೋಡಿ ಮುಖ ತಿರುಗಿಸಿದರು.

ಹುಣಸೆಮರದ ಕೆಳಗೆ ನೀರು ಕುಡಿಯುತ್ತಿದ್ದಾಗ ಸುದೀಪ ವಸಂತನ ಎದುರು ಬಂದು ನಿಂತ.

"ರೆಫ್ರಿ ಕೇಳಿದ್ನಾ ನಿನ್ನ? ಕೇಳಿರ್ಲಿಲ್ಲ. ಗೋಲ್ ಇಲ್ಲ ಅಂದಿದ್ದ. ನಿನ್ಗೆ ಯಾಕೆ ಬೇಕಿತ್ತು ಭಾವ?"

"ಆ ಹುಡ್ಗ ಕೇಳ್ದ. ಹೇಳ್ಬುಟ್ಟೆ."

"ಅವ್ನು ಕೇಳ್ದ ಅಂತ ಹೇಳ್ಬುಡೋದಾ? ಮತ್ತೆ ನಾವೆಲ್ಲ ಯಾರು ನಿನ್ಗೆ?"

ಮಹಾಂತೇಶ್ ನಡುವೆ ಬಂದು, "ಬುಡ್ಲಾ ಸುದೀಪ, ಮಧ್ಯಾಹ್ನ ಇನ್ನೊಂದು ಮ್ಯಾಚ್ ಐತೆ," ಎಂದ. ಸುದೀಪ ಶೂ ಬಿಚ್ಚಿ, ಲೇಸು ಗಂಟು ಹಾಕಿ ಹೆಗಲಿಗೆ ಎಸೆದುಕೊಂಡ. "ನೀವೇ ಆಡ್ಕಳಿ," ಎಂದವನು ಬರಿಗಾಲಲ್ಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಯಾರೂ ತಡೆಯಲಿಲ್ಲ.

ಮೂರನೇ ಸ್ಥಾನದ ಪಂದ್ಯ ಅಮ್ಮಸಂದ್ರದವರ ಮೇಲೆ. ಇದ್ದ ಒಬ್ಬ ಬದಲಿ ಆಟಗಾರನ ಕಾಲು ಹಿಂದಿನ ದಿನವೇ ಉಳುಕಿತ್ತು, ಹಾಗಾಗಿ ಹತ್ತೇ ಜನ ಇಳಿದರು. ವಸಂತನಿಗೆ ಆ ಪಂದ್ಯದ ಮೊದಲರ್ಧ ನೆನಪಿರುವುದು ಅದರ ಮೌನಕ್ಕಾಗಿ. ಹಿಂದೆ ಆಡುವವರು ಕೀಪರಿಗೆ ಏನಾದರೂ ಕೂಗುತ್ತಲೇ ಇರಬೇಕು: ಬಿಡು, ಹಿಡಿ, ಎಡಕ್ಕೆ. ಅವತ್ತು ಯಾರೂ ಕೂಗಲಿಲ್ಲ. ಅವನು ಕೂಗಿದ್ದಕ್ಕೂ ಯಾರೂ ತಿರುಗಲಿಲ್ಲ. ತಾನು ಹೇಳಿದ್ದು ತಪ್ಪಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೆ ಅದರಿಂದ ಎದೆಯೇನೂ ಹಗುರಾಗಲಿಲ್ಲ. ಬಿಸಿಲಿನಲ್ಲಿ ಆ ಎರಡು ಕಂಬಗಳ ನಡುವೆ ನಿಂತಿದ್ದಾಗ, ಒಮ್ಮೆ ಮಾತ್ರ, ಸುಮ್ಮನಿದ್ದುಬಿಡಬಹುದಿತ್ತಲ್ಲ ಅನ್ನಿಸಿತು.

ಅರ್ಧ ಆಟದ ಮೇಲೆ ಅಮ್ಮಸಂದ್ರದ ಇಬ್ಬರು ಒಟ್ಟಿಗೆ ನುಗ್ಗಿ ಬಂದರು. ಒಬ್ಬನನ್ನು ಬೆಟ್ಟಸ್ವಾಮಿ ಹಿಡಿದ, ಇನ್ನೊಬ್ಬ ಬಲಗಡೆ ಖಾಲಿಯಿದ್ದ.

"ವಸಂತಣ್ಣ, ಬಲಕ್ಕೆ! ಬಲಕ್ಕೆ ಕಣಣ್ಣ!" ಎಂದು ಬೆಟ್ಟಸ್ವಾಮಿ ಗಂಟಲು ಹರಿಯುವಂತೆ ಅರಚಿದ.

ವಸಂತ ಬಲಕ್ಕೆ ಹಾರಿದ. ಚೆಂಡು ಬೆರಳ ತುದಿಗೆ ತಾಗಿ ಹೊರಗೆ ಹೋಯಿತು. ಬೆಟ್ಟಸ್ವಾಮಿ ಬಂದು ಅವನ ಕೈ ಹಿಡಿದು ಎಬ್ಬಿಸಿದ. ಅಲ್ಲಿಂದ ಮುಂದೆ ಮಾತ್ರ ಎಲ್ಲರೂ ಕೂಗತೊಡಗಿದರು.

ಗೆಲ್ಲಿಸಿದ್ದೂ ಬೆಟ್ಟಸ್ವಾಮಿಯೇ, ಅದೂ ಅರಿಯದೆ. ಚೆಂಡನ್ನು ದೂರ ಹಾಕಿದರೆ ಸಾಕೆಂದು ತನ್ನ ಕಡೆಯಿಂದಲೇ ಒದ್ದ. ಗಾಳಿ ಅದನ್ನು ಹೊತ್ತುಕೊಂಡು ಹೋಯಿತು. ಮುಂದಕ್ಕೆ ಬಂದು ನಿಂತಿದ್ದ ಅಮ್ಮಸಂದ್ರದ ಕೀಪರನ ಮುಂದೆ ಪುಟಿದು, ಅವನ ತಲೆ ಮೇಲಿಂದ ಹಾರಿ ಒಳಗೆ ಬಿತ್ತು. ಬೆಟ್ಟಸ್ವಾಮಿ ಸೊಂಟದ ಮೇಲೆ ಕೈಯಿಟ್ಟು, ಬೇರೆ ಯಾರೋ ಹೊಡೆದದ್ದನ್ನು ನೋಡುವವನಂತೆ ನೋಡುತ್ತ ನಿಂತಿದ್ದ. ಪಂದ್ಯ ಅಲ್ಲಿಗೇ ಮುಗಿಯಿತು. ಮೂರನೇ ಸ್ಥಾನಕ್ಕೆ ಒಂದು ಸಣ್ಣ ಕಪ್ಪು ಕೊಟ್ಟರು. ಫೈನಲ್ಲಿನಲ್ಲಿ ಹುಳಿಯಾರಿನವರನ್ನು ತಿಪಟೂರಿನವರು ಸುಲಭವಾಗಿ ಸೋಲಿಸಿದರು. ಅದನ್ನು ನೋಡಲು ಮಾಯಸಂದ್ರದವರು ನಿಲ್ಲಲಿಲ್ಲ.

ವಸಂತ ಎಲ್ಲರನ್ನೂ ಇಳಿಸಿ ಮನೆಗೆ ಬರುವ ಹೊತ್ತಿಗೆ ಪದ್ಮಶ್ರೀಗೆ ವಿಷಯ ಮುಟ್ಟಿತ್ತು. ಅವಳ ತವರು ಹಿಂದಿನ ಬೀದಿಯಲ್ಲೇ.

"ಅವ್ವ ಫೋನ್ ಮಾಡಿದ್ಲು. ಬಂದಾಗಿಂದ ಅವ್ನು ಹಿತ್ಲಲ್ಲೇ ಕೂತವ್ನಂತೆ," ಎಂದಳು.

"ನೀನೇನಂತೀಯ?"

"ನಾನೇನು ಮ್ಯಾಚ್ ನೋಡಿದ್ನಾ? ನೀವ್ ಸುಳ್ಳು ಹೇಳ್ದೆ ಇದ್ದಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಅವ್ನಿಗೆ ಬೇಜಾರಾಗಿದ್ದು ತಪ್ಪು ಅಂತಾನೂ ಅನ್ನಲ್ಲ. ಹೋಗಿ ಮಾತಾಡ್ಕಂಡು ಬರ್ರಿ. ಇಬ್ರ ನಡುವೆ ನನ್ನ ನಿಲ್ಲಿಸ್ಬ್ಯಾಡಿ."

ಅತ್ತೆ ಸಿದ್ದಕ್ಕ ಬಾಗಿಲಲ್ಲೇ ಸಿಕ್ಕಳು. "ಹಿತ್ಲಾಗವ್ನೆ ಹೋಗಪ್ಪ. ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಹಾಕ್ಕಂಡಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು. ಆಟದ ವಿಷಯ ಕೇಳಲಿಲ್ಲ.

ಸುದೀಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ವಸಂತ ಅಲ್ಲೇ ಪಕ್ಕದಲ್ಲಿದ್ದ ತೆಂಗಿನ ಬುಡಕ್ಕೆ ಒರಗಿ ನಿಂತ. ಹೊತ್ತು ಮುಳುಗುತ್ತಿತ್ತು.

"ಗೆದ್ರಂತೆ," ಎಂದ ಸುದೀಪ, ತಲೆಯೆತ್ತದೆ.

"ಹೂಂ. ಬೆಟ್ಟ ಹೊಡ್ದ."

"ಬೆಟ್ಟನಾ?" ಸುದೀಪನಿಗೆ ನಗು ಬಂದಂತಾಯಿತು, ತಡೆದುಕೊಂಡ. ಮತ್ತೆ ಹೇಳಿದ: "ಸುಳ್ಳು ಹೇಳ್ಬೇಕಿತ್ತು ಅಂತ ನಾನು ಅಂತಿಲ್ಲ ಭಾವ. ಹೇಳೋಕ್ ಮುಂಚೆ ಒಂದ್ಸಲಾನಾದ್ರೂ ನಮ್ ಕಡೆ ತಿರುಗಿ ನೋಡ್ಬೌದಿತ್ತು. ಅಷ್ಟು ಜನ ಇದ್ವಿ. ನೋಡ್ಲೇ ಇಲ್ವಲ್ಲ ನೀನು."

ವಸಂತ ತೆಂಗಿನ ಬುಡ ಬಿಟ್ಟು ಕಲ್ಲಿನ ಹತ್ತಿರ ಬಂದ.

"ನೋಡಿದ್ರೆ ಹೇಳಕ್ಕಾಯ್ತಿರ್ಲಿಲ್ಲ ಕಣ್ಲಾ," ಎಂದ.

ಸುದೀಪ ಆಗ ಮೊದಲ ಸಲ ಅವನ ಮುಖ ನೋಡಿದ. ಆ ಉತ್ತರ ಅವನು ಎಣಿಸಿದ್ದಲ್ಲ. ತಪ್ಪಾಯಿತು ಎಂದಿದ್ದರೆ ಬೈಯಬಹುದಿತ್ತು, ಸರಿ ಮಾಡಿದೆ ಎಂದಿದ್ದರೂ ಬೈಯಬಹುದಿತ್ತು.

"ಆ ಪೆನಾಲ್ಟಿ ನಾನು ಹಾಕಿದ್ರೆ ಇಷ್ಟೆಲ್ಲ ಮಾತೇ ಬತ್ತಿರ್ಲಿಲ್ಲ," ಎಂದ ಕೊನೆಗೆ. "ಕಾಲು ನಡುಗ್ತಿತ್ತು ಭಾವ. ನಿನ್ ಮೇಲಿನ ಸಿಟ್ಟಿಗೆ ಅನ್ಕಂಡೆ. ಸಿಟ್ಟಲ್ಲ, ಭಯ ಅದು."

"ನಂಗೂ ಅಷ್ಟೇ. ಒಂದೊಂದು ಕಿಕ್ಕಿಗೂ."

ಒಳಗಿನಿಂದ ಸಿದ್ದಕ್ಕ ಮುದ್ದೆ ಆರುತ್ತಿದೆಯೆಂದು ಕೂಗಿದಳು. ಇಬ್ಬರೂ ಒಳಗೆ ಹೋಗಿ ಉಂಡರು. ಹೊರಡುವಾಗ ಸುದೀಪ, "ಮುಂದಿನ್ ಭಾನ್ವಾರ ನಾನು ಬರಲ್ಲ. ಕರೀಬ್ಯಾಡ," ಎಂದ. ವಸಂತ ಆಗಲಿ ಎಂದ.

ಹೇಳಿದಂತೆಯೇ ಆ ಭಾನುವಾರ ಸುದೀಪ ಬರಲಿಲ್ಲ. ಅದರ ಮುಂದಿನ ವಾರ ಎಲ್ಲರಿಗಿಂತ ತಡವಾಗಿ ಬಂದು, ನೇರ ಚೆಂಡು ತೆಗೆದುಕೊಂಡು ಹೋಗಿ ಪೆನಾಲ್ಟಿ ಜಾಗದಲ್ಲಿಟ್ಟ. ವಸಂತ ಹೋಗಿ ಕಂಬಗಳ ನಡುವೆ ನಿಂತ. ಬಿಸಿಲೇರುವ ತನಕ ಒಬ್ಬ ಹೊಡೆಯುತ್ತ, ಒಬ್ಬ ಹಿಡಿಯುತ್ತ ಇದ್ದರು. ತಂಡದಲ್ಲಿ ಆ ಗೋಲಿನ ಮಾತು ಇವತ್ತಿಗೂ ಆಗಾಗ ಬರುತ್ತದೆ. ವಸಂತ ಹೇಳಬಾರದಿತ್ತು ಎನ್ನುವವರು ಈಗಲೂ ಇದ್ದಾರೆ, ಮಹಾಂತೇಶ್ ಅವರಲ್ಲಿ ಒಬ್ಬ. ಅಂಥ ಮಾತು ಬಂದಾಗ ಸುದೀಪ ಯಾವ ಕಡೆಗೂ ಸೇರುವುದಿಲ್ಲ, ಎದ್ದು ಚೆಂಡಿಗೆ ಗಾಳಿ ಹೊಡೆಯಲು ಹೋಗುತ್ತಾನೆ.