ರಾಗಿಗೆ ಕಿವಿ ಕೇಳುತ್ತದೆ

ನಮ್ಮ ಮನೆಯಲ್ಲಿ ಒಂದು ಕಾನೂನಿತ್ತು. ಹೊಸ್ತಿಲಾಚೆ ತೆಲುಗೋ ಇಂಗ್ಲಿಷೋ ಏನು ಬೇಕಾದರೂ ಆಡಿಕೊಳ್ಳಿ, ಒಳಗೆ ಬಂದಮೇಲೆ ಕನ್ನಡ. ತಪ್ಪಿದವರು ಆ ದಿನದ ಪಾತ್ರೆ ತೊಳೆಯಬೇಕು. ಕಾನೂನು ಮಾಡಿದವಳು ನಾನೇ, ವಿಜಯಲಕ್ಷ್ಮೀ, ತುಮಕೂರಿನವಳು, ಬ್ಯಾಂಕ್ ಅಧಿಕಾರಿ. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು ನಾಲ್ಕು ವರ್ಷವಾಗುವಷ್ಟರಲ್ಲಿ ನನ್ನ ಮಗಳು ಪ್ರೇರಣಾ ನಿದ್ದೆಯಲ್ಲೂ ತೆಲುಗಿನಲ್ಲೇ ಕನವರಿಸುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿ ಅಜ್ಜಿಯ ಹತ್ತಿರ ಫೋನಿನಲ್ಲಿ ಮಾತಾಡುವಾಗ ಪದಕ್ಕೆ ತಡಕಾಡಿದ್ದನ್ನು ಕಂಡು ನನ್ನ ಕರುಳು ಚುರುಕ್ ಎಂದಿತ್ತು. ಆವತ್ತೇ ಕಾನೂನು ಜಾರಿಗೆ ಬಂತು. ಮೊದಲ ತಿಂಗಳ ಪಾತ್ರೆಯೆಲ್ಲ ಅವಳ ಪಾಲಿಗೇ ಬಿತ್ತು.

2017ರ ಆಗಸ್ಟ್. ನನ್ನ ಗಂಡ ಶ್ರೀಕಂಠನ ಆಫೀಸು ಇದ್ದದ್ದು ಋಷಿಕೊಂಡದ ಗುಡ್ಡದ ಮೇಲೆ. ಒಂದು ಸಂಜೆ ಅವರು ಕಾರಿನಿಂದ ಒಂದು ಟವೆಲ್ ಗಂಟು ಎತ್ತಿಕೊಂಡು ಬಂದರು. ಗಂಟು ನಾರುತ್ತಿತ್ತು.

"ಏನ್ರೀ ಇದು?"

"ನಾಯಿ ಕಣೆ. ಸ್ಪ್ಯಾನಿಯಲ್ ಅಂತೆ. ಯಾರೋ ಪುಣ್ಯಾತ್ಮರು ಬೀಚ್ ರೋಡಲ್ಲಿ ಬಿಟ್ಟು ಹೋಗಿದಾರೆ. ಮೂರು ದಿನದಿಂದ ನಮ್ಮ ಆಫೀಸ್ ಗೇಟ್ ಹತ್ರಾನೇ ಬಿದ್ದಿತ್ತು."

"ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡು ಬಂದ್ರಾ? ಚೆನ್ನಾಯ್ತು!"

ಬೈದೆ ನಿಜ. ಆದರೂ ಟವೆಲ್ ಸರಿಸಿ ನೋಡಿದೆ. ಮೈಮೇಲೆ ಹುಣಿಸೆಬೀಜದಂತೆ ಉಣ್ಣೆಗಳು. ಉದ್ದನೆಯ ಎರಡು ಕಿವಿಗಳೂ ಕೀವು ಕಟ್ಟಿ ಕೂದಲೊಂದಿಗೆ ಅಂಟಿಕೊಂಡಿದ್ದವು. ಅಷ್ಟು ನೋವಿದ್ದರೂ ಅದು ನನ್ನ ಮುಖ ನೋಡಿ ಮೊಂಡು ಬಾಲವನ್ನು ಎರಡು ಸಲ ಆಡಿಸಿತು. ಥೂ, ಎಂಥ ಜನ ಇರುತ್ತಾರೆ ಲೋಕದಲ್ಲಿ!

ಬೀದಿಪಾಲಾದ ನಾಯಿಗಳಿಗೆ ಮನೆ ಹುಡುಕಿಕೊಡುವ ಡಾಕ್ಟರ್ ಹಿಮಬಿಂದು ಮರುದಿನವೇ ಪರೀಕ್ಷೆ ಮಾಡಿದರು. ಉಣ್ಣೆಜ್ವರ, ರಕ್ತಹೀನತೆ. ಎಡಗಿವಿಯ ಒಳನಾಳ ಪೂರ್ತಿ ಕೊಳೆತಿದೆ, ಆಪರೇಷನ್ ಮಾಡಿ ತೆಗೆಯಬೇಕು, ಆ ಕಿವಿ ಇನ್ನು ಕೇಳುವುದಿಲ್ಲ. ಬಲಗಿವಿ ಉಳಿಯಬಹುದು, ಆದರೆ ಎಷ್ಟು ಕೇಳುತ್ತದೋ ಹೇಳುವುದಕ್ಕಾಗದು. "ವಾಸಿಯಾಗೋವರೆಗೆ ನೀವು ನೋಡ್ಕೊಳ್ಳಿ ಮೇಡಂ, ಆಮೇಲೆ ಒಳ್ಳೆ ಮನೆ ಹುಡುಕೋ ಜವಾಬ್ದಾರಿ ನಂದು" ಎಂದರು. ಹ್ಞೂಂ ಎಂದವರು ಶ್ರೀಕಂಠ. ಬೆಳಗ್ಗೆ ಐದಕ್ಕೆ ಎದ್ದು ಕಿವಿಗೆ ಮದ್ದು ಬಿಟ್ಟವಳು ಮಾತ್ರ ನಾನು.

ಸುರುಳಿ ಸುತ್ತಿ ಮಲಗಿದರೆ ತಟ್ಟೆಯಲ್ಲಿಟ್ಟ ಮುದ್ದೆಯ ಹಾಗೆ ಕಾಣುತ್ತಿತ್ತು, ಬಣ್ಣವೂ ಅದೇ. ಹಾಗಾಗಿ ರಾಗಿ ಎಂದು ಹೆಸರಿಟ್ಟೆವು. ಹೆಣ್ಣು ನಾಯಿ. ಆಪರೇಷನ್ ಆಗಿ ಹೊಲಿಗೆ ಬಿಚ್ಚುವವರೆಗೆ ಕೊರಳಿಗೆ ಪ್ಲಾಸ್ಟಿಕ್ಕಿನ ದೊಡ್ಡ ಲಾಳಿಕೆ. ಅದನ್ನು ಹಾಕಿಕೊಂಡು ಗೋಡೆಗೆ, ಕುರ್ಚಿಗೆ, ನನ್ನ ಮೊಣಕಾಲಿಗೆ ಗುದ್ದುತ್ತ ಓಡಾಡಿದಳು. ಉಣ್ಣುವಾಗ ಕಿವಿ ಮೊಸರನ್ನದಲ್ಲಿ ಅದ್ದಿ ಒದ್ದೆಯಾಗಬಾರದಲ್ಲ, ಅದಕ್ಕೆ ಶ್ರೀಕಂಠನ ಹಳೇ ಕಾಲುಚೀಲದ ತುದಿ ಕತ್ತರಿಸಿ ತಲೆಗೆ ಟೋಪಿಯಂತೆ ಹಾಕುತ್ತಿದ್ದೆ. ಟೋಪಿ ಹಾಕಿಕೊಂಡು ಊಟಕ್ಕೆ ಕೂತರೆ ಥೇಟ್ ನಮ್ಮ ದೊಡ್ಡತ್ತೆ! ನಕ್ಕು ನಕ್ಕು ಪ್ರೇರಣಾಳ ಕಣ್ಣಲ್ಲಿ ನೀರು ಬರುತ್ತಿತ್ತು.

ಮದ್ದು ಬಿಡುವಾಗ ಬೈಯುವುದು ನನ್ನ ಅಭ್ಯಾಸ. "ಕೂತ್ಕೊಳೇ ಬಜಾರಿ. ಅಲ್ಲಾಡ್ಬೇಡ. ಆಯ್ತು, ಆಯ್ತು, ನನ್ನ ಬಂಗಾರ." ತಿಂಗಳೊಳಗೆ ಕೂತ್ಕೋ ಎಂದರೆ ಕೂರುತ್ತಿದ್ದಳು, ಕಿವಿ ಕೊಡು ಎಂದರೆ ತಾನಾಗಿಯೇ ತಲೆ ವಾಲಿಸುತ್ತಿದ್ದಳು. ಫೆಬ್ರುವರಿಗೆ ಮೈತುಂಬ ರೇಷ್ಮೆಯಂಥ ಕೂದಲು, ಬಲಗಿವಿ ಒಣಗಿ ಗುಲಾಬಿ ಬಣ್ಣ. ಡಾಕ್ಟರ್ ಬ್ಯಾಟರಿ ಬಿಟ್ಟು ನೋಡಿ "ಸೂಪರ್ ಮೇಡಂ" ಎಂದಾಗ ನಾನು ಆಸ್ಪತ್ರೆಯಲ್ಲೇ ಚಪ್ಪಾಳೆ ಹೊಡೆದೆ.

ಅಷ್ಟರಲ್ಲಿ ನನಗೆ ಸಿಲಿಗುರಿಗೆ ವರ್ಗದ ಆದೇಶ ಬಂತು. ಮೇ ಕೊನೆಗೆ ಹೊರಡಬೇಕು. ಅಲ್ಲಿನ ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ನಾಯಿ ಸಾಕುವಂತಿಲ್ಲ, ಖಂಡಿತಾ ಇಲ್ಲ ಎಂದು ಬರೆದೇ ಕಳಿಸಿದ್ದರು. ರಾಗಿಗೆ ಮನೆ ಸಿಗದಿದ್ದರೆ ಆಶ್ರಯಕೇಂದ್ರದ ಪಂಜರ. ನಲವತ್ತು ನಾಯಿಗಳು, ದಿನಕ್ಕೆರಡು ಸಲ ನೆಲ ತೊಳೆದ ಒದ್ದೆ. ಆ ಕಿವಿಗೆ ಒದ್ದೆ ಎಂದರೆ ವಿಷ. ಇದ್ದ ಒಂದು ಕಿವಿಯೂ ಹೋಗುತ್ತದೆ ಎಂದು ಡಾಕ್ಟರೇ ಹೇಳಿದರು.

ಏಪ್ರಿಲ್‌ನಲ್ಲಿ ನೋಡಲು ಬಂದವರು ಎರಡು ಮನೆಯವರು. ವಧುಪರೀಕ್ಷೆಯೇ ಅನ್ನಿ. ನಾನು ರಾಗಿಗೆ ಬಾಚಿ ಪೌಡರ್ ಹಾಕಿದೆ, ಬಂದವರಿಗೆ ಉಪ್ಪಿಟ್ಟು ಕೊಟ್ಟೆ. ಅವರು "ರಾ ರಾ, ಇಟು ರಾ" ಎಂದು ಕರೆದರು, "ಕಮ್, ಸಿಟ್" ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅತಿಥಿಗಳ ಎದುರು ನಮ್ಮ ಭಾಷೆಯಲ್ಲಿ ಗುಸುಗುಸು ಎನ್ನುವುದು ಮರ್ಯಾದೆಯಲ್ಲವಲ್ಲ, ನಾವೂ ತೆಲುಗಿನಲ್ಲೇ ಕರೆದೆವು. ರಾಗಿ ನಮ್ಮನ್ನು ಗುರುತೇ ಇಲ್ಲದವಳಂತೆ ನೋಡಿದಳು. "ಪಾಪ, ಪೂರ್ತಿ ಕಿವುಡು ಅನ್ಸುತ್ತೆ" ಎಂದು ಮೊದಲಿನವರು ಎದ್ದರು. ಎರಡನೆಯವರು ಉಪ್ಪಿಟ್ಟು ತಿಂದು ಮುಗಿಸಿ ಎದ್ದರು.

ಅವರು ಹೋದಮೇಲೆ "ಏನೇ ನಿಂದು ಕೊಬ್ಬು, ಬಾ ಇಲ್ಲಿ" ಎಂದರೆ ಕುಣಿಯುತ್ತ ಬಂದಳು. ಹೊಸಬರೆಂದರೆ ಹೆದರಿಕೆ ಎಂದರು ಶ್ರೀಕಂಠ. ಒಂದೇ ಕಿವಿಯಲ್ಲವೇ, ಗದ್ದಲದಲ್ಲಿ ಕೇಳಿಸದೇನೋ ಎಂದರು ಡಾಕ್ಟರ್. ನನಗಂತೂ ನಾನು ಬಿಟ್ಟ ಮದ್ದಿನಲ್ಲೇ ಏನೋ ಎಡವಟ್ಟಾಗಿರಬೇಕು ಎಂಬ ಕೊರಗು ಹತ್ತಿತು.

ಉಳಿದದ್ದು ವಿಜಯವಾಡದ ಒಂದೇ ಮನೆ. ಜಗದೀಶ್ ಎಂಬುವರು, ಗವರ್ನರ್‌ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ, ಮೇಲುಗಡೆಯೇ ಮನೆ. ತಂದೆ ತೀರಿಹೋದಮೇಲೆ ತಾಯಿ ಮಂಕಾಗಿದ್ದಾರೆ, ಯಾರೊಂದಿಗೂ ಮಾತೇ ಇಲ್ಲ, ಜೊತೆಗೊಂದು ಸಾಧು ನಾಯಿ ಬೇಕು ಎಂದು ಫೋನಿನಲ್ಲಿ ಹೇಳಿದ್ದರು. ಮೇ ಎರಡನೇ ಭಾನುವಾರ ಮೂವರೂ ರಾಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಳಗಿನ ಜಾವವೇ ಹೊರಟೆವು. ಏಳು ಗಂಟೆ ದಾರಿ. ರಾಗಿ ಕಿಟಕಿಗೆ ಮೂಗು ಒತ್ತಿ ಖುಷಿಯಾಗಿದ್ದಳು. ನಾನು ದಾರಿಯುದ್ದಕ್ಕೂ ದೇವರಿಗೆ ಹರಕೆ ಹೊರುತ್ತ ಹೋದೆ.

ಜಗದೀಶ್ ಅವರ ಹೆಂಡತಿ ಸಾಯಿಪ್ರಿಯಾ ತಣ್ಣಗೆ ಮಜ್ಜಿಗೆ ಕೊಟ್ಟರು. ಮೂಲೆಯ ಬೆತ್ತದ ಕುರ್ಚಿಯಲ್ಲಿ ತಾಯಿ ಕೂತಿದ್ದರು, ಎಪ್ಪತ್ತು ದಾಟಿದ ಬೆಳ್ಳಗಿನ ಮುದುಕಿ. ನಮಸ್ಕಾರ ಮಾಡಿದರೆ ತಲೆಯಾಡಿಸಿದರು ಅಷ್ಟೆ. ಜಗದೀಶ್ ನೆಲದಲ್ಲಿ ಕೂತು ಬಿಸ್ಕತ್ತು ಹಿಡಿದು "ರಾ ರಾ ತಲ್ಲಿ" ಎಂದು ಕರೆದರು. ರಾಗಿ ಕಲ್ಲು. ಸಾಯಿಪ್ರಿಯಾ ಕರೆದರು. ಕಲ್ಲು. ನಾನೂ ತೆಲುಗಿನಲ್ಲೇ ಅಂಗಲಾಚಿದೆ. ಕಲ್ಲೆಂದರೆ ಕಲ್ಲು!

"ಬೇಜಾರು ಮಾಡ್ಕೋಬೇಡಿ ಮೇಡಂ" ಎಂದು ಜಗದೀಶ್ ತೆಲುಗಿನಲ್ಲಿ ಮೆಲ್ಲಗೆ ಶುರುಮಾಡಿದರು. "ಕೆಳಗೆ ರೋಡು ನೋಡಿದ್ರಲ್ಲ, ಆಟೋಗಳು, ಲಾರಿಗಳು. ಕರೆದರೆ ಕೇಳದ ನಾಯೀನ ಇಲ್ಲಿ ಹೇಗೆ..."

ಮಾತು ಮುಗಿಯುವ ಮೊದಲೇ ಅಂಗಡಿಯವನು ಯಾರೋ ಬೀಗದ ಕೈ ಕೇಳುತ್ತ ಬಾಗಿಲು ತೆರೆದ. ರಾಗಿ ಸರಕ್ಕನೆ ಅವನ ಕಾಲಡಿ ನುಸುಳಿ ಮೆಟ್ಟಿಲತ್ತ ಓಡಿದಳು. ಮೆಟ್ಟಿಲಿಳಿದರೆ ನೇರ ರಸ್ತೆ. ನನಗೆ ಮರ್ಯಾದೆಯೂ ಮರೆತುಹೋಯಿತು, ತೆಲುಗೂ ಮರೆತುಹೋಯಿತು.

"ಏಯ್ ರಾಗೀ! ಎಲ್ಲಿಗೆ ಹೊರಟ್ಯೇ ಬಜಾರಿ, ಕಾಲು ಮುರೀತೀನಿ! ಬಾ ಇಲ್ಲಿ! ಕೂತ್ಕೋ!"

ಎರಡನೇ ಮೆಟ್ಟಿಲಿನಿಂದ ಗಕ್ಕನೆ ತಿರುಗಿ, ಓಡೋಡಿ ಬಂದು, ನನ್ನೆದುರು ಕೂತು ತಲೆ ವಾಲಿಸಿದಳು. ಪ್ರೇರಣಾ ಬಾಯಿ ತೆರೆದುಕೊಂಡು ನಿಂತಿದ್ದಳು. "ಅಮ್ಮಾ! ಅದಕ್ಕೆ ಕನ್ನಡ ಬಿಟ್ರೆ ಏನೂ ಬರಲ್ಲ!"

ಅಯ್ಯೋ ನನ್ನ ಮಂಕುಬುದ್ಧಿಯೇ! ಒಂಬತ್ತು ತಿಂಗಳು ಹೊಸ್ತಿಲೊಳಗಿದ್ದ ಜೀವ. ನನ್ನ ಕಾನೂನನ್ನು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದವಳು ಅವಳೊಬ್ಬಳೇ.

ನಾನು ಜಗದೀಶ್‌ಗೆ ವಿವರಿಸಲು ತಿರುಗುವಷ್ಟರಲ್ಲಿ ಕುರ್ಚಿಯಿಂದ ಒಂದು ದನಿ ಬಂತು.

"ತುಮಕೂರ್ ಕಡೇರಾ ನೀವು?"

ಎಲ್ಲರೂ ತಿರುಗಿದೆವು. ಮುದುಕಿ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಕಣ್ಣು ಹೊಳೆಯುತ್ತಿತ್ತು.

"ಹೌದಮ್ಮ" ಎಂದೆ. "ನೀವು?"

"ನಾನು ತಿಪಟೂರಿನ್ ಹುಡುಗಿ ಕಣಮ್ಮ. ಕಮಲಾಕ್ಷಿ ಅಂತ. ಕಾಲು ಮುರೀತೀನಿ ಅಂದ್ಯಲ್ಲ, ನಮ್ಮವ್ವ ಹಿಂಗೇ ಬೈಯ್ಯೋಳು. ಎಷ್ಟು ವರ್ಷ ಆಗಿತ್ತು ಈ ಮಾತು ಕೇಳಿ!" ಆಮೇಲೆ ನೆಲದತ್ತ ಕೈ ಚಾಚಿದರು. "ಬಾರೇ ಕೂಸೇ. ಬಾ ನನ್ನವ್ವ."

ರಾಗಿ ನನ್ನ ಮುಖ ನೋಡಿದಳು. "ಹೋಗೇ" ಎಂದೆ. ಹೋಗಿ ಅವರ ಮಡಿಲ ಮೇಲೆ ಗದ್ದ ಇಟ್ಟಳು.

ಆಮೇಲೆ ಆ ತಾಯಿ ಮಾತು ನಿಲ್ಲಿಸಲೇ ಇಲ್ಲ. 1962ರಲ್ಲಿ ಮದುವೆಯಾಗಿ ಬಂದಾಗ ಅವರ ಅತ್ತೆ ಒಂದು ಕಟ್ಟಳೆ ಹಾಕಿದ್ದರಂತೆ: ಹೊಸ್ತಿಲೊಳಗೆ ತೆಲುಗೇ ಆಡಬೇಕು, ಮಕ್ಕಳ ನಾಲಿಗೆ ಕೆಡಬಾರದು. "ಅತ್ತೆ ಹೋಗಿ ಮೂವತ್ತು ವರ್ಷ ಆಯ್ತು ಕಣಮ್ಮ. ಕಟ್ಟಳೆ ಉಳ್ಕೊಂತು. ನಮ್ಮಕ್ಕ ಇದ್ದಾಗ ಕಾಗದ ಬರೀತಿದ್ಲು, ಅವಳೂ ಹೋದ್ಲು. ಇನ್ಯಾರ ಹತ್ರ ಆಡ್ಲಿ?"

ಒಂದು ಹೊಸ್ತಿಲ ಕಾನೂನನ್ನು ನಾನೂ ಮಾಡಿದವಳೇ. ಜಗದೀಶ್ ತಾಯಿಯ ಬಾಯನ್ನೇ ನೋಡುತ್ತಿದ್ದರು. ಒಂದಕ್ಷರ ಅರ್ಥವಾಗಿರಲಿಲ್ಲ, ಆದರೂ ಕಣ್ಣು ತುಂಬಿ ಬಂದಿತ್ತು. "ಅಮ್ಮ ಇಷ್ಟು ಮಾತಾಡಿದ್ದನ್ನ ನಾನು ನೋಡೇ ಇಲ್ಲ" ಎಂದು ತೆಲುಗಿನಲ್ಲಿ ಹೇಳಿ, ರಾಗಿಯ ಮುಂದೆ ಕೂತು, "ಕೂತ್... ಕೂತ್ಕೋ?" ಎಂದರು. ಅವಳು ಕೂತೇ ಇದ್ದಳು, ಪಾಪ. ಬಾಲ ಆಡಿಸಿದಳು.

ಪ್ರೇರಣಾ ರಾಗಿಗೆ ಬರುವ ಇಪ್ಪತ್ತಾರು ಮಾತುಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಟ್ಟಳು. ಬಜಾರಿ ಎಂಬುದೂ ಅದರಲ್ಲಿತ್ತು. ನಾನು ಮದ್ದಿನ ಸೀಸೆ, ಹತ್ತಿ, ಕಾಲುಚೀಲದ ಟೋಪಿ ಎಲ್ಲ ಕೊಟ್ಟೆ. ಹೊರಡುವಾಗ ಕಮಲಾಕ್ಷಮ್ಮ ಸೊಸೆಯ ಕೈಯಲ್ಲಿ ಕುಂಕುಮ ಕೊಡಿಸಿ, ಹೆಣ್ಣು ಒಪ್ಪಿಸಿಕೊಳ್ಳುವವರ ಹಾಗೆ "ಚೆನ್ನಾಗ್ ನೋಡ್ಕೋತೀನಿ, ಅಳಬೇಡ" ಎಂದರು. ಅಳಬೇಡ ಎಂದರೆ ಆಗುತ್ತದೆಯೇ? ಕಾರಿನಲ್ಲಿ ಗೊಳೋ ಎಂದು ಅತ್ತೆ. ಮನೆಗೆ ಬಂದು ಖಾಲಿ ಚಾಪೆ ಕಂಡಾಗ ಮತ್ತೆ ಅತ್ತೆ. ಪ್ರೇರಣಾ ನನ್ನನ್ನು ತಬ್ಬಿಕೊಂಡು ತೆಲುಗಿನಲ್ಲೇ ಸಮಾಧಾನ ಹೇಳಿದಳು. ಅವಳಿಗೆ ಎದೆಯಿಂದ ಬಂದದ್ದು ಆ ಭಾಷೆ, ಬರಲಿ. ಆವತ್ತಿನ ಪಾತ್ರೆ ನಾನೇ ತೊಳೆದೆ.

ಸಿಲಿಗುರಿಗೆ ಬಂದ ಎರಡನೇ ವಾರ ಜಗದೀಶ್ ಅವರ ಫೋನು. ನಾನು ತೆಲುಗಿನಲ್ಲಿ ಹೇಗಿದ್ದೀರಿ ಎಂದೆ.

"ಅಯ್ಯಯ್ಯೋ, ತೆಲುಗು ಬೇಡ ಮೇಡಂ, ಬೇಡ!" ಎಂದರು ಮುರುಕು ಕನ್ನಡದಲ್ಲಿ. "ರಾಗಿ ಇಲ್ಲೇ ಇದೆ. ಅಮ್ಮ ಹೊಸ ರೂಲ್ ಮಾಡಿದೆ. ರಾಗಿ ಮುಂದೆ ತೆಲುಗು ಮಾತಾಡಿದ್ರೆ ಅವರೇ ಕಿವಿ ಕ್ಲೀನ್ ಮಾಡ್ಬೇಕು. ಈ ವಾರ ಪೂರ್ತಿ ನಾನೇ!"

ಹಿಂದಿನಿಂದ ಕಮಲಾಕ್ಷಮ್ಮನ ನಗು ಕೇಳಿಸಿತು. ಫೋನು ಅವರ ಕೈಗೆ ಹೋಯಿತು. "ಮಾತಾಡಮ್ಮ, ಅವಳ ಬಲಗಿವಿಗೆ ಹಿಡಿದಿದೀನಿ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ಹ್ಞೂಂ, ಆಡಮ್ಮ. ಬೈಯಿ, ಬೈದ್ರೆ ಅವಳಿಗೆ ಗೊತ್ತಾಗೋದು!"

"ಏಯ್ ಬಜಾರಿ" ಎಂದೆ, "ಊಟ ಆಯ್ತೇನೇ?"

ಆ ಕಡೆಯಿಂದ ಮೊಂಡು ಬಾಲ ನೆಲಕ್ಕೆ ಪಟಪಟ ಬಡಿಯುವ ಸದ್ದು ಕೇಳಿಸಿತು.