ಕುಸುಮಕ್ಕನ ಕೆಳರೆಪ್ಪೆ

ನಮ್ಮ ಕುಸುಮಕ್ಕನ ಕಣ್ಣುಗಳ ಕೆಳಗೆ ಎರಡು ಚೀಲ ಇದ್ದವು. ಕಾಯಿಲೆಯಿಂದ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ಅಪ್ಪನಿಗೂ ನಲವತ್ತು ದಾಟುತ್ತಲೇ ಹಾಗೇ ಉಬ್ಬಿತ್ತಂತೆ. ಅಪ್ಪನನ್ನು ನೋಡಿ ಯಾರೂ "ಯಾಕಪ್ಪ, ಅತ್ತಿದ್ದೀಯಾ?" ಅಂತ ಕೇಳಲಿಲ್ಲ. ಅಕ್ಕನನ್ನು ಮಾತ್ರ ಊರೆಲ್ಲ ಕೇಳಿತು.

ಅಕ್ಕ ಗಂಡನ ಮನೆ ಬಿಟ್ಟು ಬಂದು ಆರು ವರ್ಷ. ಅರಸು ರಸ್ತೆಯ ರೇಷ್ಮೆ ಸೀರೆ ಅಂಗಡಿಯಲ್ಲಿ ಕೌಂಟರ್ ಕೆಲಸ. ಹಾಲಿನ ಬೂತಿಗೆ ಹೋದರೆ ಸಾಕು, ಯಾರಾದರೂ ಒಬ್ಬರು ಶುರು ಮಾಡುತ್ತಿದ್ದರು.

"ಅತ್ತಿದ್ಯೇನವ್ವಾ?"

"ಇಲ್ಲ ಕಣ್ರೀ, ಈಗ ಎದ್ದು ಬಂದೆ."

"ನಮ್ಮತ್ರ ಯಾಕೆ ಮುಚ್ಚಿಡ್ತೀಯಾ? ಗಂಡ ನೆನಪಾದನೇನೋ, ಪಾಪ."

ಆ 'ಪಾಪ' ಕೇಳಿ ಕೇಳಿ ಅಕ್ಕನಿಗೆ ಸಾಕಾಗಿ ಹೋಗಿತ್ತು. ಒಂದು ದಿನ ಒಂಟಿಕೊಪ್ಪಲ್‌ನಲ್ಲಿರುವ ಗೆಳತಿ ಮನೆಗೆ ಹೋಗುತ್ತೇನೆ ಅಂತ ನಮಗೆ ಹೇಳಿ, ಕಣ್ಣಿನ ಚೀಲ ತೆಗೆಯುತ್ತೇವೆ ಅಂತ ಬೋರ್ಡು ಹಾಕಿದ್ದ ಒಂದು ಸೆಂಟರಿಗೆ ಹೋದಳು. ನಾಲ್ಕು ದಿನ ಬಿಟ್ಟು ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದಳು. ಆಪರೇಷನ್ ಆಗಿದೆ ಅಂತ ನಮಗೆ ಗೊತ್ತಾಗಿದ್ದೇ ಆಗ.

ಊತ ಇಳಿಯಿತು, ಚೀಲ ಮಾಯವಾಗಿತ್ತು. ಎರಡು ವಾರ ಅಕ್ಕ ಹಾಡಿಕೊಂಡು ಪಾತ್ರೆ ತೊಳೆದಳು. ನಾಲ್ಕನೇ ವಾರ ಅವಳ ಮುಖ ನೋಡಿ ನನ್ನ ಕೈಲಿದ್ದ ಬ್ರಷ್ ಕೆಳಗಿಟ್ಟೆ.

ನಮ್ಮದು ಗೌರಿ-ಗಣೇಶನ ಮೂರ್ತಿ ಮಾಡೋ ಮನೆ. ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಇಟ್ಟ ಹೆಸರು ಲಿಖಿತ್, ಬರೆಯೋದು ಬರೀ ದೇವರ ಕಣ್ಣು. ನಮ್ಮ ಕೆಲಸದಲ್ಲಿ ಒಂದು ಲೆಕ್ಕ ಇದೆ. ಕೆಳರೆಪ್ಪೆಯ ಗೆರೆ ಕಪ್ಪುಗುಡ್ಡೆಗೆ ತಾಗಿಕೊಂಡಿರಬೇಕು. ಗುಡ್ಡೆಯ ಕೆಳಗೆ ಒಂದೇ ಒಂದು ಎಳೆ ಬಿಳಿ ಉಳಿದರೂ ಶಾಂತವಾಗಿರೋ ಗೌರಿ ಉಗ್ರವಾಗಿಬಿಡುತ್ತಾಳೆ. ಅಂಥ ಮೂರ್ತಿಯನ್ನು ಯಾರೂ ಮನೆಗೆ ಒಯ್ಯೋದಿಲ್ಲ.

ಆ ಎಳೆ ಬಿಳಿ ನನಗೆ ಅಕ್ಕನ ಕಣ್ಣಲ್ಲಿ ಕಾಣಿಸಿತು. ಕೆಳರೆಪ್ಪೆ ಕೆಳಗೆ ಜಗ್ಗಿತ್ತು. ಕಿವಿ ಕಡೆಗೆ ಚೂಪಾಗಿದ್ದ ಕಣ್ಣಿನ ಕೊನೆ ಮೊಂಡಾಗಿತ್ತು. ಉದ್ದಕ್ಕಿದ್ದ ಕಣ್ಣು ದುಂಡಗಾಗಿತ್ತು.

ಅಂಗಡಿಯಲ್ಲಿ ಗಿರಾಕಿಯೊಬ್ಬಳು, "ಏನಮ್ಮ, ಸೀರೆ ತೋರಿಸು ಅಂದ್ರೆ ಗುರಾಯಿಸ್ತೀಯಲ್ಲ!" ಅಂದಳಂತೆ. ಇನ್ನೊಬ್ಬರು ಬೆಟ್ಟದ ಮೇಲಿನ ಮಹಿಷಾಸುರನ ಹೆಸರು ಹೇಳಿ ನಕ್ಕರಂತೆ. ಓನರ್ ಅಕ್ಕನನ್ನು ಕೌಂಟರಿನಿಂದ ತೆಗೆದು ಹಿಂದಿನ ಗೋಡೌನಿನಲ್ಲಿ ಸೀರೆ ಮಡಿಸೋಕೆ ಹಾಕಿದರು. ಕಣ್ಣು ಕೆಂಪಗಾಗಿ, ದಿನವಿಡೀ ನೀರು ಸುರಿಯತೊಡಗಿತು. ಅಳುವವಳ ಹಾಗೆ ಕಾಣಬಾರದು ಅಂತ ಹೋದವಳು ಈಗ ಹೊತ್ತೂ ಗೊತ್ತೂ ಇಲ್ಲದೆ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು.

ಸೆಂಟರಿಗೆ ಫೋನ್ ಮಾಡಿದರೆ, "ನಾರ್ಮಲ್ ಮೇಡಂ, ಸೆಟ್ ಆಗುತ್ತೆ" ಅಂದರು. ಎರಡನೇ ಸಲವೂ ಅದೇ. ಮೂರನೇ ಸಲದಿಂದ ಫೋನೇ ಎತ್ತಲಿಲ್ಲ.

ನಮ್ಮಮ್ಮ ಚಾಮುಂಡಮ್ಮನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. "ದೃಷ್ಟಿ ಕಣೋ ಅದು. ಚೆಂದಾಗ್ಬುಟ್ಲು ಅಂತ ಯಾವಳ್ದೋ ಕಣ್ಣು ಬಿದ್ದದೆ." ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೊದಲೇ ಉರಿಯುತ್ತಿದ್ದ ಕಣ್ಣಿಗೆ ಆ ಘಾಟು! ಅಕ್ಕ ಬಚ್ಚಲಿಗೆ ಓಡಿದಳು.

"ನೋಡ್ದಾ, ಎಂಗೆ ಉರೀತು? ದೃಷ್ಟಿ ಬಿಟ್ಟೋಯ್ತು!" ಅಂದಳು ಅಮ್ಮ.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಒಣಗಲು ಇಟ್ಟ ಮೂರ್ತಿಗಳ ಪಕ್ಕ ಚಾಪೆ ಹಾಸಿ ಮಲಗಿದ್ದಳು. ನಿದ್ದೆ ಹತ್ತಿತ್ತು, ಸಣ್ಣಗೆ ಗೊರಕೆ ಕೂಡ. ಆದರೆ ರೆಪ್ಪೆಗಳ ನಡುವೆ ಬಿಳಿ ಕಾಣುತ್ತಿತ್ತು. ಬಾಗಿಲು ಅರ್ಧ ಎಳೆದು ಬಿಟ್ಟ ಹಾಗೆ. ನಾನು ಕೂಗಿಕೊಂಡೆ.

"ಅಮ್ಮಾ, ಬಾ ಇಲ್ಲಿ! ಅಕ್ಕ ಕಣ್ಣು ಮುಚ್ಚ್ತಾ ಇಲ್ಲ!"

"ಬಿಡ್ತು ಅನ್ನು! ಬಿಡ್ತು ಅನ್ನು ಮೊದ್ಲು! ಮನೇಲಿ ಆಡೋ ಮಾತಾ ಅದು?"

"ಮುಚ್ಚಿಲ್ಲ ಅಂತಿದೀನಿ ಕಣಮ್ಮ!"

"ಮುಚ್ಚೋದೂ ಬ್ಯಾಡ, ಮುಚ್ಚದೇ ಇರೋದೂ ಬ್ಯಾಡ. ಬಾಯಿ ಮುಚ್ಚು."

ಅಲ್ಲಿಗೆ ಮಾತು ಮುಗಿಯಿತು. ಸಾವಿನ ಮಾತು ಅಂತ ಅಮ್ಮ ಆ ಮಾತನ್ನೇ ತಡೆದಳು. ಮಾತು ತಡೆದರೆ ಕಣ್ಣು ಮುಚ್ಚುತ್ತದಾ? ಸಿಟ್ಟಿಗೆ ನನ್ನ ಕೈಲಿದ್ದ ಬ್ರಷ್ ಎಸೆದು, ನೇರ ಬಿಂದಕ್ಕನ ಮನೆಗೆ ಹೋದೆ.

ಬಿಂದಕ್ಕ ನಮ್ಮ ಬೀದಿಯವರೇ, ಕಣ್ಣಾಸ್ಪತ್ರೆಯಲ್ಲಿ ನರ್ಸು. ಬಂದು ಅಕ್ಕನ ಪಕ್ಕ ಚಾಪೆಯ ಮೇಲೇ ಕೂತರು. "ಕುಸುಮಾ, ಮೆಲ್ಲಗೆ ಕಣ್ಣು ಮುಚ್ಚು ನೋಡೋಣ" ಅಂದರು. ಅಮ್ಮ ಮುಖ ಸಿಂಡರಿಸಿದಳು. ಅಕ್ಕ ಮುಚ್ಚಿದಳು. ಎರಡೂ ಕಣ್ಣಲ್ಲಿ ಸಂದು ಉಳಿಯಿತು.

"ನಾಳೆ ಬೆಳಿಗ್ಗೇನೇ ಆಸ್ಪತ್ರೆಗೆ ಬಾ."

"ಏನಂತ ಬರ್ಲಿ ಬಿಂದು? ಚೆಂದ ಆಗೋಕೆ ಹೋಗಿ ಹಿಂಗಾದೆ ಅಂತ ಹೇಳ್ಲಾ? ಎಲ್ರೂ ನಗ್ತಾರೆ."

"ಪಟಾಕಿಗೆ ಬಗ್ಗಿ ಊದಿ ಕಣ್ಣು ಸುಟ್ಕೊಂಡೋರು ಬರ್ತಾರೆ. ಬೇರೆಯವರ ಡ್ರಾಪ್ಸ್ ಹಾಕ್ಕೊಂಡು ಕೆಡಿಸ್ಕೊಂಡೋರು ಬರ್ತಾರೆ. ನಗ್ತಾ ಕೂತ್ರೆ ನಮಗೆ ಸಂಬಳ ಕೊಡ್ತಾರಾ?"

ಅಕ್ಕನ ತುಟಿ ಸ್ವಲ್ಪ ಅಲುಗಿತು. ಅಮ್ಮ ಮಾತ್ರ ಬಿಡಲಿಲ್ಲ. "ದೃಷ್ಟಿ ತೆಗುದ್ರೆ ಹೋಗೋದಕ್ಕೆ ಆಸ್ಪತ್ರೆ ಯಾಕಮ್ಮ? ಮತ್ತೆ ಕತ್ತರಿ ಹಾಕ್ಬುಟ್ರೆ?"

ಬಿಂದಕ್ಕ ಪಕ್ಕದಲ್ಲಿದ್ದ ಹಸಿ ಗಣೇಶನನ್ನು ತೋರಿಸಿದರು. "ಅಮ್ಮಾ, ಹಸಿ ಮಣ್ಣು ಒಣಗುವಾಗ ಏನಾಗುತ್ತೆ?"

"ಎಳ್ಕೊಳ್ತದೆ. ತೆಳ್ಳಗಿದ್ದ ಕಡೆ ಜಾಸ್ತಿ ಎಳ್ಕೊಳ್ತದೆ."

"ರೆಪ್ಪೆ ಒಳಗಿನ ಗಾಯವೂ ಹಂಗೇ. ಮಾಗುವಾಗ ಎಳ್ಕೊಳ್ಳುತ್ತೆ. ಚರ್ಮ ಜಾಸ್ತಿ ಕತ್ತರಿಸಿದ್ರೆ, ಇಲ್ಲಾ ರೆಪ್ಪೆ ಮೊದಲೇ ಸಡಿಲ ಇದ್ರೆ, ಕೆಳಕ್ಕೆ ಜಗ್ಗುತ್ತೆ. ಇದು ಯಾರ ಕಣ್ಣು ಬಿದ್ದೂ ಆಗಿದ್ದಲ್ಲ. ಮುಚ್ಚದ ಕಣ್ಣು ಒಣಗುತ್ತೆ. ಒಣಗಿದ ಗುಡ್ಡೆ ಮೇಲೆ ಹುಣ್ಣಾದ್ರೆ ನೋಟಕ್ಕೇ ಕುತ್ತು. ಈಗಲೇ ಬಂದ್ರೆ ಉಳಿಸ್ಕೋಬಹುದು."

ಅಮ್ಮ ಗಣೇಶನನ್ನು ನೋಡಿದಳು, ಮಗಳನ್ನು ನೋಡಿದಳು. ಮಣ್ಣಿನ ಮಾತು ಅಮ್ಮನಿಗೆ ಅರ್ಥವಾಗದೇ ಇರುತ್ತದಾ? "ನಾನೂ ಬತ್ತೀನಿ" ಅಂದಳು.

ಕಣ್ಣಾಸ್ಪತ್ರೆಯಲ್ಲಿ ರೆಪ್ಪೆಗೆಂದೇ ಒಬ್ಬರು ಡಾಕ್ಟರು ಇದ್ದರು, ಸಮನ್ವಿತಾ ಅಂತ. ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ, ನೀಲಿ ಬೆಳಕಲ್ಲಿ ನೋಡಿದರು. "ಒಣಗೋಕೆ ಶುರುವಾಗಿದೆ. ಹುಣ್ಣು ಇನ್ನೂ ಆಗಿಲ್ಲ" ಅಂದರು. ಆಮೇಲೆ, "ಆಪರೇಷನ್‌ಗೆ ಮೊದಲಿನ ಫೋಟೋ ತೋರಿಸಮ್ಮ."

ಅಕ್ಕ ಫೋನ್ ಕೊಟ್ಟಳು. ಡಾಕ್ಟರು ಸರಿಸಿದರು, ಸರಿಸಿದರು, ತಲೆ ಎತ್ತಿದರು. "ಇದ್ಯಾರು? ನಿಮ್ಮ ಮಗಳಾ?"

ಎಲ್ಲಾ ಫೋಟೋಗೂ ಫಿಲ್ಟರ್! ಚೀಲ ಕಾಣಬಾರದು ಅಂತ ಅಕ್ಕ ಐದಾರು ವರ್ಷದಿಂದ ಒಂದೂ ನಿಜವಾದ ಫೋಟೋ ಇಟ್ಟುಕೊಂಡಿರಲಿಲ್ಲ. ಅಮ್ಮ ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ ಮಗಳ ಆಧಾರ್ ಕಾರ್ಡು ತೆಗೆದಳು. "ಆಸ್ಪತ್ರೇಲಿ ಕೇಳ್ತಾರೆ ಅಂತ ತಂದೆ. ಪ್ರೇತಕಳೆ ಅದೆ, ನೋಡ್ಬುಡಿ."

"ಬೇಕಾಗಿರೋದೇ ಇದು" ಅಂದರು ಡಾಕ್ಟರು. ಆಧಾರ್ ಫೋಟೋದಲ್ಲೂ, ಆಗಲೇ, ಕೆಳರೆಪ್ಪೆ ಕೂದಲೆಳೆಯಷ್ಟು ಕೆಳಗಿತ್ತು.

ಅವರು ನನ್ನ ಕೆಳರೆಪ್ಪೆ ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆದು ಬಿಟ್ಟರು. ಟಪ್ ಅಂತ ಹೋಗಿ ಕೂತಿತು. ಅಕ್ಕನದು ಸೋಮಾರಿಯ ಹಾಗೆ ನಿಧಾನಕ್ಕೆ ಹಿಂದಕ್ಕೆ ಹೋಯಿತು.

"ಸಡಿಲ ಇದ್ದೋರಿಗೆ ಕಣ್ಣಿನ ಹೊರಗಿನ ಕೊನೆಯನ್ನೂ ಬಿಗಿ ಮಾಡಬೇಕಾಗುತ್ತೆ. ಅಲ್ಲಿ ಯಾರಾದ್ರೂ ಹಿಂಗೆ ಎಳೆದು ನೋಡಿದ್ರಾ?"

"ಇಲ್ಲ ಮೇಡಂ. ಫೋಟೋ ತೆಗೆದ್ರು. ನಗಿ ಅಂದ್ರು."

ನಾನು ಅಲ್ಲೇ ಕೂಗಾಡಿಬಿಟ್ಟೆ. ನಾವು ಮೂರ್ತಿಗೆ ಮಣ್ಣು ಹಾಕೋ ಮುಂಚೆ ಒಂದು ಹಿಡಿ ಮಣ್ಣನ್ನು ಹೊಸೆದು, ಎಳೆದು, ಬಾಗಿಸಿ ನೋಡುತ್ತೇವೆ. ಮಣ್ಣನ್ನು, ಸ್ವಾಮಿ! ನೀರಲ್ಲಿ ಬಿಡೋ ಮಣ್ಣನ್ನು! ಇವರು ಜೀವ ಇರೋ ಕಣ್ಣಿಗೆ ಕತ್ತಿ ಇಟ್ಟರು, ಒಂದು ಸಲ ಬೆರಳಿಟ್ಟು ನೋಡಲಿಲ್ಲ.

"ಕೂಗಾಡಬೇಡಪ್ಪ, ದೂರು ಬರೆದು ಕೊಡು" ಅಂದರು ಡಾಕ್ಟರು. "ಅದಕ್ಕಿಂತ ಮೊದಲು ಕಣ್ಣು."

ಹಗಲು ಗಂಟೆಗಂಟೆಗೂ ಕಣ್ಣೀರಿನಂಥ ಹನಿ. ಮಲಗುವಾಗ ಮುಲಾಮು, ರೆಪ್ಪೆ ಎತ್ತಿ ಹಿಡಿಯೋ ಟೇಪು. ಡಾಕ್ಟರು ಕಲಿಸಿದ ಹಾಗೆ, ಅವರು ಹೇಳಿದಷ್ಟೇ, ರೆಪ್ಪೆಯನ್ನು ಮೇಲಕ್ಕೆ ನೀವಬೇಕು. ಎಣ್ಣೆ ಬೇಡ, ಅರಿಶಿನ ಬೇಡ, ಹೊಗೆ ಬೇಡವೇ ಬೇಡ. ಹೊಗೆ ಅಂದಾಗ ಅಮ್ಮ ಫ್ಯಾನ್ ನೋಡುತ್ತಾ ನಿಂತಳು.

"ಕೆಲವು ತಿಂಗಳು ಕಾಯೋಣ. ಎಷ್ಟೋ ಜನಕ್ಕೆ ಇಷ್ಟರಲ್ಲೇ ಸರಿಹೋಗುತ್ತೆ. ಹೋಗದಿದ್ರೆ ಸರಿಮಾಡೋ ಆಪರೇಷನ್ ಇದೆ. ನಡುವೆ ನೋವು ಹೆಚ್ಚಾದ್ರೆ, ಮಂಜು ಕಂಡ್ರೆ, ಅವತ್ತೇ ಬರಬೇಕು."

ಬೇಸಿಗೆ ಕಳೆಯಿತು. ಬಲಗಣ್ಣು ತಾನಾಗಿಯೇ ಮೇಲೆ ಬಂತು. ಎಡಗಣ್ಣು ಹಟ ಹಿಡಿಯಿತು. ಆಷಾಢದಲ್ಲಿ ಅದರ ಹೊರಕೊನೆಗೆ ಒಂದು ಆಪರೇಷನ್ ಮಾಡಿ ಬಿಗಿ ಮಾಡಿದರು. ಆಷಾಢದಲ್ಲಿ ಬೇಡ ಅಂತ ಅಮ್ಮ ಅನ್ನುತ್ತಾಳೆ ಅಂದುಕೊಂಡಿದ್ದೆ. "ಕಣ್ಣಿಗ್ಯಾವ ಆಷಾಢ, ನಡೀರಿ" ಅಂತ ಅವಳೇ ಮೊದಲು ಆಟೋ ಹತ್ತಿದಳು.

ಗೌರಿ ಹಬ್ಬಕ್ಕೆ ಒಂದು ವಾರ ಇತ್ತು. ಮಧ್ಯಾಹ್ನ ನಾನು ಸಾಲಾಗಿ ಇಟ್ಟ ಗೌರಿಯರಿಗೆ ಕಣ್ಣು ಬರೆಯುತ್ತಿದ್ದೆ. ಅದೇ ಚಾಪೆಯ ಮೇಲೆ ಅಕ್ಕ ಮಲಗಿದ್ದಳು. ಸುಮ್ಮನೆ ತಿರುಗಿ ನೋಡಿದೆ. ಸಂದು ಇಲ್ಲ. ಬಿಳಿ ಇಲ್ಲ. ಎರಡೂ ಕಡೆ ರೆಪ್ಪೆಗೆ ರೆಪ್ಪೆ ಕೂಡಿತ್ತು.

ಹುಟ್ಟಿದಾಗಿನಿಂದ ದೇವರಿಗೆ ಕಣ್ಣು ತೆರೆಸೋದನ್ನೇ ನೋಡಿದವನು ನಾನು. ನನಗೆ ತಡೆಯೋಕಾಗಲಿಲ್ಲ.

"ಅಮ್ಮಾ! ಅಕ್ಕ ಕಣ್ಣು ಮುಚ್ಚಿದ್ಲು!"

ಅಮ್ಮ ಅಕ್ಕಿ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಓಡಿ ಬಂದು ನನ್ನ ತಲೆಗೆ ಒಂದು ಬಿಟ್ಟಳು. ಆಮೇಲೆ ಬಗ್ಗಿ ನೋಡಿದಳು. ತುಂಬಾ ಹೊತ್ತು ನೋಡಿದಳು.

"ಹೂಂ ಕಣೋ. ಮುಚ್ಚವ್ಳೆ. ಎರಡೂ ಮುಚ್ಚವ್ಳೆ."

"ಬದುಕಿರೋಳ್ನ ನಿದ್ದೆ ಮಾಡೋಕೆ ಬಿಡ್ರೋ" ಅಂದಳು ಅಕ್ಕ, ಕಣ್ಣು ತೆರೆಯದೆ.

ಆಗ ಬಾಗಿಲಲ್ಲಿ ಎದುರುಮನೆ ಹುಚ್ಚಣ್ಣ ಬಂದು ನಿಂತ. ಅಮ್ಮನ ಮುಖ ನೋಡಿ, "ಯಾಕೆ ಚಾಮುಂಡಮ್ಮ, ಅತ್ತಿದ್ದೀಯಾ?" ಅಂದ.

"ಹೂಂ, ಅತ್ತೆ. ಏನೀಗ?" ಅಂದಳು ಅಮ್ಮ.

ಅಕ್ಕ ಈಗ ಮತ್ತೆ ಕೌಂಟರಿನಲ್ಲಿದ್ದಾಳೆ. ಕಣ್ಣು ಪೂರ್ತಿ ಮೊದಲಿನ ಹಾಗೆ ಆಗಿಲ್ಲ, ಎಡಗಡೆ ಕೊನೆ ಕೊಂಚ ಬೇರೆಯೇ. ಅವಳಿಗೆ ಅದು ಸಾಕು. ದೂರನ್ನು ಅವಳೇ ಬರೆದಳು, ನಾನು ಒಯ್ದು ಕೊಟ್ಟು ಬಂದೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಣ್ಣ ಕೆಳಗಿನ ಚೀಲ ಬೇಡ ಅನ್ನಿಸಿದರೆ ತೆಗೆಸಿಕೊಳ್ಳಿ. ಅದು ನಿಮ್ಮ ಮುಖ, ಬೇಡ ಅನ್ನೋಕೆ ನಾನ್ಯಾರು? ಒಳ್ಳೆಯ ಕೈಯಲ್ಲಿ ಚೆನ್ನಾಗಿ ಆದವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಕತ್ತಿ ಹಿಡಿಯೋರು ಯಾರು, ಏನು ಕಲಿತವರು ಅಂತ ಮುಖಕ್ಕೆ ಮುಖ ಕೊಟ್ಟು ಕೇಳಿ. ಕಣ್ಣು ಒಣಗುತ್ತದೆ, ಥೈರಾಯ್ಡ್ ಇದೆ ಅಂದರೆ ಮುಚ್ಚಿಡಬೇಡಿ. "ನನ್ನ ರೆಪ್ಪೆ ಎಳೆದು ನೋಡಿ" ಅನ್ನಿ. ನೋಡದೇ ಇದ್ದರೆ ಎದ್ದು ಬನ್ನಿ. ಮಾಡಿಸಿಕೊಂಡ ಮೇಲೆ ಕಣ್ಣು ದುಂಡಗಾದರೆ, ಉರಿದರೆ, ಮಲಗಿದಾಗ ಮುಚ್ಚದಿದ್ದರೆ, ನಾಚಿಕೊಂಡು ಕತ್ತಲೆ ಕೋಣೆ ಸೇರಬೇಡಿ. ಕಣ್ಣಾಸ್ಪತ್ರೆಗೆ ಹೋಗಿ. ಹೋಗುವಾಗ ಆಧಾರ್ ಕಾರ್ಡು ಮರೆಯಬೇಡಿ.

ಇನ್ನು, ಹಾಲಿನ ಬೂತಿನಲ್ಲಿ ನಿಂತು "ಅತ್ತಿದ್ಯೇನವ್ವಾ" ಅಂತ ಕೇಳೋರೇ, ನಿಮಗೂ ಒಂದು ಮಾತು. ಹಾಲು ತಗೊಂಡು ಮನೆಗೆ ಹೋಗಿ.